ಡೊಲೋರೆಸಜ್ಜಿಯ ಕಚ್ಚಾ ಹೊಲಿಗೆ

ನಮ್ಮ ಮಿಲ್ವಾಕಿಯ ಬೇಸ್‌ಬಾಲ್ ತಂಡಕ್ಕೆ ಕೆಳಗಿನ ಲೀಗಿನಿಂದ ಯಾವ ಬದಲಿ ಎಸೆತಗಾರನೇ ಬರಲಿ, ಅವನ ಜಾತಕ ಮೊದಲು ಓದುವವಳು ಅಂಗಿಯ ಬೆನ್ನಿಗೆ ಹೆಸರುಪಟ್ಟಿ ಹೊಲಿಯುವ ಡೊಲೋರೆಸಜ್ಜಿ. ಗುಂಡುಪಿನ್ನು ಕಚ್ಚಿಕೊಂಡೇ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಾಳೆ. "ಜೋರಾಗೇನೋ ಎಸೀತಾನೆ, ಎಲ್ಲಿಗೆ ಹೋಗ್ತೀನಿ ಅಂತ ಆ ಚೆಂಡಿಗೇ ಗೊತ್ತಿರಲ್ಲ. ಭಾನುವಾರದೊಳಗೆ ವಾಪಸ್. ಎಳೆದ್ರೆ ಬಿಚ್ಕೊಳ್ಳೋ ಕಚ್ಚಾ ಹೊಲಿಗೆ ಸಾಕು!" ಉದ್ದ ಹೆಸರಿನವರನ್ನು ಕಂಡರಂತೂ ಮೈಯೆಲ್ಲ ಉರಿ: "ಒಂದು ಇನ್ನಿಂಗ್ಸ್ ಎಸೆಯೋಕೆ ಇಷ್ಟುದ್ದ ಹೆಸರು ಹೊತ್ಕೊಂಡು ಬಂದಿದೀಯಲ್ಲೋ, ನಾಚಿಕೆ ಆಗಲ್ವಾ?" ಅವಳ ಮಾತು ಸುಳ್ಳಾಗುವುದು ಅಪರೂಪ. ಈ ಬೇಸಿಗೆಯಲ್ಲಿ ಎಡಗೈ ಎಸೆತಗಾರ ಕ್ವಾಕೆನ್‌ಬುಶ್ ಮೂರನೇ ಸಲ ಬಂದ. "ಬಂದ್ಯಾ? ಕೂತ್ಕೋಬೇಡ, ವಾಪಸ್ ಬಸ್ ಹೊರಟೀತು" ಎಂದಳು. "ಈ ಸಲ ಗಟ್ಟಿಯಾಗಿ ಹೊಲಿಯಜ್ಜಿ" ಎಂದು ಅವನು ನಕ್ಕ. ವಾರದಲ್ಲೇ ಅವನನ್ನು ಕೆಳಗಿನ ಲೀಗಿಗೆ ವಾಪಸ್ ಕಳಿಸಿದರು. ಅಂಗಿ ಮುಂದಿನವನಿಗೆ ಬೇಕಿತ್ತು; ಹೆಸರು ಬಿಚ್ಚುವ ಕೆಲಸ ಅಜ್ಜಿಯ ಕೈಕೆಳಗಿನ ಸಹಾಯಕನಾದ ನನ್ನ ಪಾಲಿಗೆ ಬಂತು. ಕಚ್ಚಾ ಹೊಲಿಗೆ ತಾನೇ ಎಂದು ಎಳೆದೆ. ಇರುವೆ ಸಾಲಿನಂಥ ಹೊಲಿಗೆ, ಅದೂ ಎರಡೆರಡು ಸುತ್ತು; ಬಟ್ಟೆ ಹರಿಯುವಂತಾಯಿತೇ ಹೊರತು ದಾರ ಬಿಡಲಿಲ್ಲ. ನಾನು ಬೆರಗಾಗಿ ನೋಡಿದರೆ ಅಜ್ಜಿ ಮುಖ ತಿರುಗಿಸಿ ಗದರಿದಳು: "ಕತ್ತರಿ ತಗೊಂಡು ನಿಧಾನಕ್ಕೆ ಬಿಚ್ಚೋ, ಪಟ್ಟಿ ಹಾಳಾದೀತು. ಮತ್ತೆ ಬರ್ತಾನೆ ಅವನು."