ಗೌರಿಯ ಮನೆಗೆ ಬರೆದ ಟ್ರಸ್ಟ್ ಡೀಡ್

2004ರಲ್ಲಿ ನಾನು ಹೈದರಾಬಾದಿನ ನಾಂಪಲ್ಲಿಯಲ್ಲಿ ಸ್ವಂತ ಆಫೀಸು ಇಟ್ಟುಕೊಂಡು ಉಯಿಲು, ಟ್ರಸ್ಟ್, ತೆರಿಗೆಯ ವಕೀಲಿಕೆ ಮಾಡುತ್ತಿದ್ದೆ. ಊರಿನ ಪಶ್ಚಿಮಕ್ಕೆ ಐಟಿ ಕಂಪನಿಗಳು ಎದ್ದು, ಬರೀ ಬಂಡೆಗಳಿದ್ದ ಜಾಗಕ್ಕೂ ಬಂಗಾರದ ಬೆಲೆ ಬಂದಿತ್ತು. ಕೋರ್ಟಿನಲ್ಲಿ ಗುಡುಗುವ ಗೆಳೆಯರು ನನ್ನನ್ನು ‘ಕಾಗದದ ವಕೀಲೆ’ ಎಂದು ಕಿಚಾಯಿಸುತ್ತಿದ್ದರು. ಕಿಚಾಯಿಸಲಿ ಬಿಡಿ, ನಾನು ಬರೆದ ಕಾಗದ ಕೋರ್ಟಿನ ಮೆಟ್ಟಿಲು ಹತ್ತದಿದ್ದರೇ ನನಗೆ ಗೆಲುವು.

ಆ ವರ್ಷ ಬೇಗಂ ಬಜಾರಿನ ಪಾತ್ರೆ ವ್ಯಾಪಾರಿ ಬಸಣ್ಣನವರು ಮಗ ಶಿವರಾಜನ ಜೊತೆ ಬಂದರು. ರಾಯಚೂರು ಕಡೆಯ ಮನೆತನ. ಮಗಳು ಗೌರಿಗೆ ಮೂವತ್ತರ ವಯಸ್ಸು, ಬುದ್ಧಿ ಮಾತ್ರ ಪುಟ್ಟ ಮಗುವಿನದು. ತಮ್ಮ ನಂತರ ಅವಳಿಗೆ ನೆಲೆ ತಪ್ಪಬಾರದು ಎಂಬುದೊಂದೇ ತಂದೆಯ ಚಿಂತೆ. ಅದಕ್ಕಾಗಿ ಮನೆ, ಅಂಗಡಿ ಎಲ್ಲವನ್ನೂ ಮಗನ ಹೆಸರಿಗೆ ಬರೆಯಲು ಹೊರಟಿದ್ದರು.

“ಲಿಂಗಾ ಮುಟ್ಟಿ ಆಣಿ ಮಾಡ್ಯಾನ್ರಿ, ತಂಗಿ ಕೈ ಬಿಡಂಗಿಲ್ಲಂತ. ಅದಕ್ಕಿಂತ ದೊಡ್ಡ ಕಾಗದ ಯಾವುದೈತ್ರಿ?”

ಅವರ ಮನೆತನದಲ್ಲಿ ಕೊರಳಿನ ಇಷ್ಟಲಿಂಗ ಮುಟ್ಟಿ ಆಡಿದ ಮಾತಿನ ಮುಂದೆ ರಿಜಿಸ್ಟರ್ ಪತ್ರವೂ ಸಣ್ಣದೇ. ಆದರೂ ಮನೆಯನ್ನು ಗೌರಿಗಾಗಿ ಟ್ರಸ್ಟಿಗೆ ಬರೆಯಿರಿ ಎಂದೆ. ಶಿವರಾಜ ಕೆಂಡವಾದ.

“ನನ್ನ ಮ್ಯಾಲ ಭರೋಸಾ ಇಲ್ಲೇನ್ರಿ ಮೇಡಂ?”

“ಭಾಳ ಐತ್ರಿ. ಆದ್ರ ಆಣಿ ಮಾಡಿದವ್ರು ನೀವು. ನಿಮಗ ಸಾಲ ಕೊಡೋ ಬ್ಯಾಂಕ್ ಆಣಿ ಮಾಡಿಲ್ಲಲ್ಲ?”

ಅವನು ಆಗಷ್ಟೇ ಐಟಿ ಕಂಪನಿಗಳಿಗೆ ಬಸ್ಸು ಓಡಿಸುವ ಗುತ್ತಿಗೆ ಹಿಡಿದಿದ್ದ. ಬಸಣ್ಣನವರು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. “ಬರೀರಿ” ಎಂದರು.

ಪಾಲು ಹಂಚುವುದನ್ನು ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟರೆ ಆದಾಯಕ್ಕೆ ಗರಿಷ್ಠ ದರದ ತೆರಿಗೆ ಬೀಳುತ್ತದೆ. ಹಾಗಾಗಿ ಫಲಾನುಭವಿ ಗೌರಿ ಒಬ್ಬಳೇ, ಪೂರ್ತಿ ಪಾಲು ಅವಳದೇ ಎಂದು ಬರೆದೆ. ಮನೆಯನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ; ಅವಳನ್ನು ನೋಡಿಕೊಳ್ಳುವವರು ಜೊತೆಗಿರಬಹುದು. ಟ್ರಸ್ಟಿಗಳಾಗಿ ಅವಳ ಸೋದರತ್ತೆಯನ್ನೂ ಶಿವರಾಜನನ್ನೂ ನೇಮಿಸಿದೆವು. ಅವನು ಮುಖ ಊದಿಸಿಕೊಂಡೇ ಸಹಿ ಹಾಕಿದ.

ಕೆಲವು ವರ್ಷಗಳಲ್ಲಿ ಬಸಣ್ಣನವರು ತೀರಿಕೊಂಡರು. ಆಮೇಲೆ ಐಟಿಗೂ ಹಿನ್ನಡೆಯಾಗಿ ಶಿವರಾಜನ ಬಸ್ಸುಗಳು ನಿಂತವು, ಸಾಲದ ಕಂತುಗಳು ತಪ್ಪಿದವು. ಬ್ಯಾಂಕು ತಂದೆಯಿಂದ ಅವನಿಗೆ ಬಂದಿದ್ದ ಅಂಗಡಿ, ಅವನು ಕೊಂಡಿದ್ದ ಫ್ಲಾಟು ಎರಡನ್ನೂ ಜಪ್ತಿ ಮಾಡಿ ಗೌರಿಯ ಮನೆಗೂ ನೋಟಿಸ್ ಅಂಟಿಸಿತು. ನಾನು ಡೀಡ್ ಹಿಡಿದು ಬ್ಯಾಂಕಿಗೆ ಹೋದೆ. ಬ್ಯಾಂಕಿನ ವಕೀಲರು ಸಾಲು ಸಾಲಿನಲ್ಲೂ ಸಂದು ಹುಡುಕಿದರು. ಎಲ್ಲಿ ಸಿಗಬೇಕು! ಟ್ರಸ್ಟಿಯ ಸ್ವಂತ ಸಾಲಕ್ಕೆ ಟ್ರಸ್ಟಿನ ಆಸ್ತಿ ಹೊಣೆಯಲ್ಲ. ನೋಟಿಸ್ ವಾಪಸಾಯಿತು. ಅಂದು ನನ್ನ ಎದೆ ಉಬ್ಬಿತ್ತು, ಮುಚ್ಚಿಡುವುದೇಕೆ? ಒಳ್ಳೆಯವರಿಗೂ ಕೆಟ್ಟ ಕಾಲ ಬರುತ್ತದೆ, ಅದನ್ನು ಮೊದಲೇ ನೆನೆದು ಬರೆಯುವುದೇ ನನ್ನ ಕೆಲಸ ಎಂಬುದು ಅಂದು ಮನಸ್ಸಿನಲ್ಲಿ ಗಟ್ಟಿಯಾಯಿತು.

ಸುದ್ದಿ ಹೇಳಲು ಗೌರಿಯ ಮನೆಗೆ ಹೋದಾಗ ಶಿವರಾಜ ಹೆಂಡತಿ ಮಕ್ಕಳೊಂದಿಗೆ, ಗಂಟುಮೂಟೆ ಸಮೇತ ಆ ಮನೆಯ ಹೊಸ್ತಿಲಾಚೆಯೇ ನಿಂತಿದ್ದ.

“ಇದು ಅಕಿ ಮನಿರಿ ಮೇಡಂ,” ಎಂದ, ತಲೆ ತಗ್ಗಿಸಿ. “ಯಾವ ಮಾರಿ ಇಟ್ಕೊಂಡು ಒಳಗ ಹೋಗ್ಲಿ?”

ನಾನು ಬಾಯಿ ತೆರೆಯುವ ಮೊದಲೇ ಗೌರಿ ಬಾಗಿಲಿಗೆ ಬಂದು ಅವನ ಕೈಯಿಂದ ಚೀಲ ಕಸಿದುಕೊಂಡಳು.

“ಅಣ್ಣಾ, ಹೊರಗ ಯಾಕ ನಿಂತಿ? ಕಾಲ ತೊಳ್ಕೊಂಡು ಬಾ, ಉಣ್ಣೂಣು.”