ವಾಡಿಯ ಕ್ವಾರ್ಟರ್ಸ್‌ನಲ್ಲಿ ಬೆಳೆದ ಹರಳು

ಈಗ ನನ್ನ ವಿದ್ಯಾರ್ಥಿಗಳು ಹರಳು ಬೆಳೆಸುವುದು ಯಂತ್ರದ ತೊಟ್ಟಿಯಲ್ಲಿ. ಉಷ್ಣತೆ ಕೂದಲಷ್ಟೂ ಏರುಪೇರಾಗುವುದಿಲ್ಲ, ಯಾರೂ ಉಸಿರು ಬಿಗಿಹಿಡಿದು ಕೂರಬೇಕಿಲ್ಲ. ನೋಡಿದಾಗಲೆಲ್ಲ ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಜೊತೆಗೆ ಅವರ ಮೇಲೆ ಕನಿಕರ. ಅವರ ಹರಳಿಗೆ ನನ್ನ ಅವ್ವನ ಕಾವಲಿಲ್ಲ. ಅವ್ವ ಹೋಗಿ ಎರಡು ವರ್ಷವಾಯಿತು. ಅವಳು ನನ್ನ ಹರಳು ಕಾದ ಬೇಸಿಗೆ ಮಾತ್ರ ನನ್ನೊಳಗೆ ಹಾಗೇ ಇದೆ.

ಲಾಕ್‌ಡೌನ್ ಬಂದು ಲ್ಯಾಬಿಗೆ ಬೀಗ ಬಿದ್ದಾಗ ನನ್ನ ಪಿಎಚ್‌ಡಿಯ ಕೊನೆಯ ವರ್ಷ. ಲೇಸರ್ ಬೆಳಕಿನ ಬಣ್ಣ ಬದಲಿಸುವ ಒಂದು ಲವಣದ ಹರಳು ನನ್ನ ವಿಷಯ. ಹೆಬ್ಬೆರಳಿನಷ್ಟು ದೊಡ್ಡದಾದ, ನೀರಿನಷ್ಟು ತಿಳಿಯಾದ ಒಂದು ಹರಳು ಸಿಗದೆ ಪ್ರಬಂಧ ಮುಗಿಯುವಂತಿರಲಿಲ್ಲ. ಲವಣದ ಡಬ್ಬಿ, ಡಿಸ್ಟಿಲ್ಡ್ ವಾಟರಿನ ಕ್ಯಾನು ಹೊತ್ತು ವಾಡಿಗೆ, ಅಪ್ಪನ ರೈಲ್ವೆ ಕ್ವಾರ್ಟರ್ಸಿಗೆ ಬಂದೆ.

ಹರಳು ಬೆಳೆಸಲು ಇದಕ್ಕಿಂತ ಕೆಟ್ಟ ಊರು ಹುಡುಕಿದರೂ ಸಿಗಲಿಕ್ಕಿಲ್ಲ. ಗೂಡ್ಸ್ ಗಾಡಿ ಹೋದರೆ ಗೋಡೆ ನಡುಗುತ್ತದೆ, ಕಿಟಕಿ ತೆಗೆದರೆ ಸಿಮೆಂಟ್ ಕಾರ್ಖಾನೆಯ ಧೂಳು. ಒಳಕೋಣೆಯಲ್ಲಿ ಹಳೆಯ ಕೌದಿಗಳನ್ನು ಮಡಚಿ ಅವುಗಳ ಮೇಲೆ ಗಾಜಿನ ಬೀಕರು ಇಟ್ಟೆ. ಲವಣ ಕರಗಿಸಿದ ನೀರಿನಲ್ಲಿ, ನೈಲಾನ್ ದಾರಕ್ಕೆ ಕಟ್ಟಿದ ಪುಟ್ಟ ಬೀಜದ ಹರಳು. ನೀರು ನಿಧಾನ ಆವಿಯಾದಂತೆ ಲವಣ ಪದರ ಪದರವಾಗಿ ಅದರ ಮೇಲೆ ಕೂರಬೇಕು. ಅಲುಗಬಾರದು, ಧೂಳು ಬೀಳಬಾರದು ಎಂದಷ್ಟೇ ಅವ್ವನಿಗೆ ಹೇಳಿದ್ದೆ.

ಅಷ್ಟು ಸಾಕಾಯಿತು. ಊಟಕ್ಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವುದು ಹಿತ್ತಲಿಗೆ ಹೋಯಿತು. ಅಪ್ಪನಿಗೂ ತಾಕೀತು: “ಮೆಲ್ಲಕ ನಡೀರಿ, ಒಳಗ ಅದು ಬೆಳೀಲಿಕತ್ತದ.” ಜೀವಮಾನವೆಲ್ಲ ವ್ಯಾಗನ್‌ಗಳ ಸದ್ದಿನಲ್ಲಿ ಕಳೆದ ಮನುಷ್ಯ ತನ್ನ ಮನೆಯಲ್ಲೇ ತುದಿಗಾಲಲ್ಲಿ ನಡೆದ.

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ಅವ್ವ ಬೀಕರು ಮುಟ್ಟಿ ನೋಡಿದ್ದಾಳೆ. ನಮ್ಮ ಕಡೆ ಬೇಸಿಗೆಯಲ್ಲಿ ನೀರಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತಾರೆ. ಬೀಕರಿಗೂ ಹಾಗೇ ಸುತ್ತಿ, ಮೇಲೆ ನೀರು ಚಿಮುಕಿಸಿದ್ದಾಳೆ. ಎದ್ದು ನೋಡಿದರೆ ತಳವೆಲ್ಲ ಬೆಳ್ಳಗೆ. ಥಟ್ಟನೆ ತಣ್ಣಗಾದ ನೀರು ತನ್ನಲ್ಲಿದ್ದ ಲವಣವನ್ನು ಸಣ್ಣ ಹರಳುಗಳಾಗಿ ಸುರಿದುಬಿಟ್ಟಿತ್ತು. ವಾರಗಟ್ಟಲೆ ಬೆಳೆದ ನನ್ನ ಹರಳಿನ ಮೈತುಂಬ ಪುಡಿ ಮೆತ್ತಿತ್ತು.

“ನೋಡು, ಎಷ್ಟ್ ಮರಿ ಹಾಕ್ಯಾದ!” ಅವ್ವನ ಮುಖ ಅರಳಿತ್ತು.

ನನ್ನ ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ನನ್ನ ಮುಖ ನೋಡಿ ಅವ್ವ ಬಟ್ಟೆ ಬಿಚ್ಚಿದಳು. “ಭಾಳ ಧಗಿ ಆಗ್ಲಿಕತ್ತಿತ್ತವ್ವಾ ಅದಕ್ಕ. ಪಾಪ ಅನಸ್ತು.” ಇಂಥವಳ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು?

ಹೊಸ ಬೀಜ ಬೇಕಿತ್ತು. ಅದು ಸಿಗುವುದೂ ಇಂಥ ಮರಿಗಳಲ್ಲೇ. ಮರುದಿನ ಅವನ್ನು ಒಣಗಿಸಿ ಸ್ಟೀಲ್ ತಾಟಿನಲ್ಲಿ ಹರವಿ, ಇಬ್ಬರೂ ಬಾಗಿಲ ಬೆಳಕಿಗೆ ಕೂತು ಆರಿಸಿದೆವು.

“ಚಲೋದು ಅಂತ ಹೆಂಗ ಗೊತ್ತಾಗ್ತದ?” ಅವ್ವ ಕೇಳಿದಳು.

“ದೊಡ್ಡದಾದ ಮ್ಯಾಲ ಲೇಸರ್ ಬಿಟ್ಟು ನೋಡ್ತಾರವ್ವಾ. ಒಳಗ ಕಸ, ಬಿರುಕು ಇದ್ರ ಬೆಳಕಿನ ಗೆರಿ ಕಾಣ್ತದ. ಚಲೋದ್ರಾಗ ಎಲ್ಲೂ ಕಾಣಬಾರ್ದು.”

“ಇಷ್ಟೆಲ್ಲಾ ಮಾಡಿ ಕಡೀಕ ಏನೂ ಕಾಣಬಾರ್ದಾ? ಛಂದ ಅದ ಬಿಡು ನಿನ್ನ ಓದು!”

ಹೊಸ ಬೀಜ ಇಳಿಬಿಟ್ಟ ಆ ಸಲ ಅವ್ವ ಬೀಕರಿನ ಹತ್ತಿರವೂ ಸುಳಿಯಲಿಲ್ಲ. ಹೊಸ್ತಿಲಾಚೆ ಕೂತು, ಮುಟ್ಟಲು ಹೋದಾವೇನೋ ಎಂಬಂತೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನೋಡುತ್ತಿದ್ದಳು.

ಲ್ಯಾಬು ತೆರೆದ ಮೇಲೆ, ಹೆಬ್ಬೆರಳಿನಷ್ಟು ಬೆಳೆದಿದ್ದ ಹರಳನ್ನು ಹತ್ತಿಯಲ್ಲಿಟ್ಟು ಕಲಬುರಗಿಗೆ ಒಯ್ದೆ. ನನ್ನ ಗೈಡ್ ಕೋಣೆ ಕತ್ತಲು ಮಾಡಿ ಕೆಂಪು ಲೇಸರ್ ಹಾಯಿಸಿದರು. ಬೆಳಕು ಒಳಗೆ ಹೋಯಿತು, ಆಚೆ ಗೋಡೆಯ ಮೇಲೆ ಚುಕ್ಕೆಯಾಗಿ ಬಿತ್ತು. ನಡುವೆ ಗೆರೆಯ ಸುಳಿವೂ ಇಲ್ಲ. ವರಾಂಡಕ್ಕೆ ಓಡಿ ಫೋನ್ ಮಾಡಿದೆ.

“ಅವ್ವಾ, ಏನೂ ಕಾಣ್ಲಿಲ್ಲ.”

 ಆ ಕಡೆಯಿಂದ ಅವ್ವ ಅಪ್ಪನನ್ನು ಕೂಗಿದ್ದು ಇಡೀ ಕ್ವಾರ್ಟರ್ಸಿಗೆ ಕೇಳಿರಬೇಕು: “ಇಲ್ ಕೇಳ್ರಿ, ಏನೂ ಕಾಣ್ಲಿಲ್ಲಂತ!” ಮತ್ತೆ ಫೋನು ಕಿವಿಗಿಟ್ಟುಕೊಂಡು ನನಗಷ್ಟೇ ಕೇಳುವಂತೆ ಅಂದಳು: “ನಾ ಕೆಡಿಸಿಲ್ಲಲ್ಲವ್ವಾ ಹಂಗಾದ್ರ?”