ಬೆಲೆ ಹೇಳದವನ ಸಿನಿಮಾ

ಮಹಾರಾಷ್ಟ್ರದ ಗಡಿಯೊಳಗಿನ ದಾಳಿಂಬ ಎಂಬ ಊರಿನ ನಮ್ಮ ಮನೆಯ ಗೂಟಕ್ಕೆ ತೂಗುವ ಜೋಳಿಗೆಗೆ ಬಾಯಿ ಇದೆ, ನಾಲಿಗೆ ಇಲ್ಲ. ಭಕ್ತರ ಮನೆಗಳಲ್ಲಿ ಪೂಜೆ ಮಾಡಿಸುವ ಅಯ್ಯಗಳ ವಂಶ ನಮ್ಮದು. ಹಿಡಿ ಜೋಳ ಬಿದ್ದರೂ ಸೇರು ತೊಗರಿ ಬಿದ್ದರೂ ಆಶೀರ್ವದಿಸಿ ಮುಂದಿನ ಹೊಸ್ತಿಲಿಗೆ ನಡೆಯಬೇಕೇ ಹೊರತು ಇಷ್ಟು ಬೇಕೆಂದು ಕೇಳುವುದು ಮಹಾಪಾತಕ. ಈ ಸದ್ಗುಣ ಮೋಕ್ಷಕ್ಕೆ ಎಷ್ಟು ಸಹಕಾರಿಯೋ ತಿಳಿಯದು. ಸಿನಿಮಾ ಮಾರುವುದಕ್ಕಂತೂ ಅಲ್ಲವೆಂದು ಸ್ವಾನುಭವದಿಂದ ಸಾರಬಲ್ಲೆ.

ಐವತ್ತು ದಾಟಿ, ಕೂದಲಿಗೂ ಬುದ್ಧಿಗೂ ಏಕಕಾಲಕ್ಕೆ ನೆರೆ ಬಂದ ಮೇಲೆ, ನಾನೊಂದು ಚಲನಚಿತ್ರ ನಿರ್ದೇಶಿಸಿದೆ. ನಾಯಕಿ ನನ್ನ ಸೋದರತ್ತೆ, ಎಪ್ಪತ್ತರ ಗುರಮ್ಮ. ಬೀಸುವ ಕಲ್ಲಿನ ಮುಂದೆ ಕುಳಿತು ಆಕೆ ಲೋಕವನ್ನು ಬೈಯುವುದೇ ಕಥೆ. ಕನ್ನಡದಲ್ಲಿ ಹುಟ್ಟಿ ಮರಾಠಿಯಲ್ಲಿ ಮುಗಿಯುವ ಆ ಒಡಕು ದನಿಯನ್ನು ತೆಗೆದರೆ ಚಿತ್ರದಲ್ಲಿ ಉಳಿಯುವುದು ಗೋಡೆ ಮಾತ್ರ. ಚಿತ್ರೀಕರಣ ಮುಗಿದ ಚಳಿಗಾಲದಲ್ಲೇ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಆ ದನಿ ಪಿಸುಮಾತಿಗಿಳಿಯಿತು.

"ಸಿನಿಮಾದಾಗರೆ ನನ್ನ ದನಿ ಅದನಲ್ಲ ತಮ್ಮಾ, ಒಮ್ಮಿ ಕೇಳಸು. ಮನ್ಯಾಗ ಬ್ಯಾಡ, ಟಾಕೀಸದಾಗ. ಮಂದ್ಯಾಗ ಕುಂತು ಕೇಳ್ತೀನಿ" ಎಂದು ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು.

ಕೊಳ್ಳುವವರಿಲ್ಲದೆ ಟಾಕೀಸಿಲ್ಲ. ಹಾರ್ಡ್‌ಡಿಸ್ಕನ್ನು ಅದೇ ಜೋಳಿಗೆಗೆ ಹಾಕಿಕೊಂಡು ಹೊರಟೆ. ಬೆಂಗಳೂರಿನವರಿಗೆ ಚಿತ್ರ ಮರಾಠಿಯೆನಿಸಿತು, ಪುಣೆಯವರಿಗೆ ಕನ್ನಡ. ನಿಲಂಗಾದ ನೆಂಟರೊಬ್ಬರಿಗೆ ಉದ್ದವೆನಿಸಿತು. ಕಡೆಗೆ ಉದಗೀರದ ಲಾಡ್ಜಿನಲ್ಲಿ ಇಳಿದಿದ್ದ ವಿತರಕನೊಬ್ಬ ಪೂರ್ತಿ ನೋಡಿ, "ಬೋಲಾ ಮಹಾರಾಜ, ಕಿತಿ?" ಎಂದು ಬೆಲೆ ಕೇಳಿದ. ಓದುಗ ಮಹಾಶಯರೇ, ಆ ಕ್ಷಣ ನನ್ನೊಳಗೆ ಏಳು ತಲೆಮಾರು ಎದ್ದು ನಿಂತು, ತಮ್ಮ ಮನಸ್ಸಿಗೆ ಬಂದಷ್ಟು ಕೊಡಿ ಎಂದುಬಿಟ್ಟಿತು. ಕೊಳ್ಳಲಿದ್ದ ಧೋತರದಲ್ಲಿ ಹರಕು ಕಂಡ ಗಿರಾಕಿಯಂತೆ ಅವನ ಮುಖ ಬದಲಾಯಿತು. ಚಿಲ್ಲರೆಯಂಥ ಮೊತ್ತ ಕೊಟ್ಟು ಕಾಗದ ಮುಂದೆ ಸರಿಸಿದ. ಕೊಡುವವನ ಮುಂದೆ ಕಾಗದ ಓದುತ್ತ ಕೂರುವುದೂ ಕೇಳಿದಂತೆಯೇ ಅಲ್ಲವೇ? ಸಹಿ ಮಾಡಿ, ಅಭ್ಯಾಸಬಲದಿಂದ ಅವನ ಹಣೆಗೆ ವಿಭೂತಿಯನ್ನೂ ಹಚ್ಚಿ ಬಂದೆ.

ಉಮರ್ಗಾದ ಟಾಕೀಸಿನಲ್ಲಿ ಮ್ಯಾಟಿನಿ. ಅತ್ತೆಯನ್ನು ಕರೆದೊಯ್ದು ಮಂದಿಯ ನಡುವೆ ಕೂಡಿಸಿ ಪಕ್ಕದಲ್ಲಿ ಕುಳಿತೆ. ಪರದೆಯ ಮೇಲೆ ಅತ್ತೆಯ ಮುಖ ಬಾಯಿ ತೆರೆಯಿತು. ಹೊರಟದ್ದು ಯಾರೋ ಶಹರದ ತರುಣಿಯ ಜೇನಿನಂಥ ಶುದ್ಧ ಮರಾಠಿ. ದನಿ ಬದಲಿಸುವ ಹಕ್ಕು ನಾನು ಓದದ ಕಾಗದದಲ್ಲಿತ್ತು.

ಅತ್ತೆ ತಲೆಯ ಮೇಲಿನ ಸೆರಗು ಸರಿಸಿ, ಕಿವಿಗೊಟ್ಟು ಕೇಳಿದಳು. "ಚೊಲೋ ಮಾತಾಡ್ತಾಳ ಈಕಿ" ಎಂದು ಪಿಸುಗುಟ್ಟಿದಳು. ಸ್ವಲ್ಪ ಹೊತ್ತಿನ ಬಳಿಕ, "ಈಕಿದು ಮುಗದ ಮ್ಯಾಲ ನಂದು ಬರ್ತದೇನು?"

ದೀಪ ಹತ್ತುವವರೆಗೂ ಆಕೆ ಕಾದಳು.

ಅತ್ತೆಯ ದನಿಯಿರುವ ಮೂಲ ಪ್ರತಿ, ಆ ಹಾರ್ಡ್‌ಡಿಸ್ಕ್, ಇನ್ನೂ ನನ್ನಲ್ಲಿದೆ. ಮಂದಿಯ ಮುಂದೆ ಅದನ್ನು ತೋರಿಸುವ ಹಕ್ಕು ಮಾತ್ರ ನನ್ನದಲ್ಲ. ಈಗ ಗೂಟಕ್ಕೆ ತೂಗುವ ಜೋಳಿಗೆಯೊಳಗೆ ನಾಲಿಗೆ ಇದೆ. ಬಾಯಿಯನ್ನು ನಾನೇ ಕಟ್ಟಿಟ್ಟಿದ್ದೇನೆ.